ಹರ್ಕ್ಯುಲಿಸ್‌ನನ್ನು ಹತ್ತಿಸಿಕೊಳ್ಳದ ಹಡಗು

ಸೂಪರ್‌ಮ್ಯಾನ್ ಹುಟ್ಟಿದ್ದು 1938ರಲ್ಲಿ, ಅಮೆರಿಕದ ಒಂದು ಕಾಮಿಕ್ಸ್ ಪುಸ್ತಕದಲ್ಲಿ. ಅವನನ್ನೂ ಅವನ ನೆಂಟರನ್ನೂ ಎರಡು ಮೂರು ಸಾವಿರ ವರ್ಷ ಹಿಂದಕ್ಕೆ ಅಟ್ಟಿ ಏನಾಗುತ್ತಿತ್ತು ಎಂದು ನೋಡುವ ಆಟ ಈಗ ಎಲ್ಲ ಕಡೆ ನಡೆದಿದೆ. ಸಿನಿಮಾ, ವೆಬ್ ಸರಣಿ, ದಪ್ಪ ದಪ್ಪ ಫ್ಯಾಂಟಸಿ ಕಾದಂಬರಿ, ಹಾಸ್ಟೆಲ್ ಕೋಣೆಯ ಸರಿರಾತ್ರಿಯ ವಾದ, ಎಲ್ಲಿ ಕೇಳಿದರೂ ಉತ್ತರ ಮಾತ್ರ ಒಂದೇ. ಹಾರಬಲ್ಲ, ಬೆಂಕಿ ಉಗುಳಬಲ್ಲ, ಕೋಟೆಯ ಗೋಡೆಯನ್ನು ಒಂದೇ ಗುದ್ದಿಗೆ ಕೆಡವಬಲ್ಲ ಒಬ್ಬ ಮನುಷ್ಯ ಪ್ರಾಚೀನ ಕಾಲದಲ್ಲಿ ಇದ್ದಿದ್ದರೆ ಅವನೇ ರಾಜ, ಅವನೇ ದೇವರು. ಸಾಮ್ರಾಜ್ಯಗಳ ಗಡಿ ಬೇರೆಯಾಗುತ್ತಿತ್ತು, ಚರಿತ್ರೆ ಗುರುತೇ ಸಿಗದಷ್ಟು ಬದಲಾಗುತ್ತಿತ್ತು. ಇದನ್ನು ಯಾರೂ ಪ್ರಶ್ನಿಸುವುದಿಲ್ಲ. ಎರಡೂ ಎರಡೂ ನಾಲ್ಕು ಎನ್ನುವಷ್ಟು ಸಲೀಸಾಗಿ ಒಪ್ಪಿಕೊಂಡುಬಿಟ್ಟಿದ್ದೇವೆ.

ನನಗೆ ಇದು ಒಪ್ಪಿಗೆಯಿಲ್ಲ. ಪ್ರಾಚೀನ ಸಮಾಜಗಳು ಅಂಥವರನ್ನು ಅರಗಿಸಿಕೊಳ್ಳುತ್ತಿದ್ದವು ಎಂಬುದು ನನ್ನ ವಾದ. ಪೂಜೆ ಮಾಡಿಯೋ, ಊರು ಬಿಡಿಸಿಯೋ, ಸಂಬಳ ಕೊಟ್ಟೋ, ಆಣೆಯಲ್ಲಿ ಕಟ್ಟಿಹಾಕಿಯೋ, ಅಂತೂ ತಮ್ಮ ಅಳತೆಗೆ ತಂದುಕೊಳ್ಳುತ್ತಿದ್ದವು. ತಲೆಕೆಳಗಾಗುತ್ತಿದ್ದದ್ದು ಆ ಶಕ್ತಿವಂತನ ಬದುಕೇ ಹೊರತು ಊರಿನದಲ್ಲ.

ಈ ಜನಪ್ರಿಯ ನಂಬಿಕೆಯ ಬೇರು ಕಾಮಿಕ್ಸಿಗಿಂತ ಹಳೆಯದು. 1840ರಲ್ಲಿ ಲಂಡನ್ನಿನಲ್ಲಿ ಥಾಮಸ್ ಕಾರ್ಲೈಲ್ ವೀರರ ಬಗ್ಗೆ, ವೀರಾರಾಧನೆಯ ಬಗ್ಗೆ ಉಪನ್ಯಾಸಗಳನ್ನು ಕೊಟ್ಟ. ಚರಿತ್ರೆಯನ್ನು ನಡೆಸುವವರು ಬೆರಳೆಣಿಕೆಯ ಮಹಾಪುರುಷರು ಎಂಬುದು ಅವನ ಒಟ್ಟು ಧೋರಣೆ. ಚರಿತ್ರೆಕಾರರು ಅದನ್ನು ಕೈಬಿಟ್ಟು ಬಹಳ ಕಾಲವಾಯಿತು. ಮನರಂಜನೆಯ ಉದ್ಯಮ ಮಾತ್ರ ಬಿಟ್ಟಿಲ್ಲ. ಮಹಾಪುರುಷನಿಗೆ ಹಾರುವ ವಿದ್ಯೆಯೊಂದನ್ನು ಸೇರಿಸಿ ಮತ್ತೆ ಮತ್ತೆ ಮಾರುತ್ತಿದೆ.

ಪ್ರಾಚೀನರಿಗಾದರೋ ಇದು ‘ಇದ್ದಿದ್ದರೆ’ ಎಂಬ ಪ್ರಶ್ನೆಯೇ ಆಗಿರಲಿಲ್ಲ. ಅಂಥವರು ತಮ್ಮ ನಡುವೆ ಇದ್ದಾರೆಂದೇ ನಂಬಿ ಬದುಕಿದವರು ಅವರು. ಹಾಗಾಗಿ ಉತ್ತರವನ್ನು ಕಲ್ಪನೆಯಲ್ಲಿ ಹುಡುಕುವ ಮೊದಲು ಅವರನ್ನೇ ಕೇಳುವುದು ಒಳ್ಳೆಯದು.

ಮೊದಲು ಅರಿಸ್ಟಾಟಲ್‌ನನ್ನು ಕೇಳೋಣ. ತನ್ನ ‘ಪಾಲಿಟಿಕ್ಸ್’ ಗ್ರಂಥದ ಮೂರನೆಯ ಪುಸ್ತಕದಲ್ಲಿ ಅವನು ಈ ಪ್ರಶ್ನೆಯನ್ನು ನೇರವಾಗಿಯೇ ಎತ್ತುತ್ತಾನೆ. ಉಳಿದ ನಾಗರಿಕರೆಲ್ಲ ಸೇರಿದರೂ ಸರಿಗಟ್ಟಲಾಗದ ಒಬ್ಬ ಊರಿನಲ್ಲಿದ್ದರೆ ಏನು ಮಾಡಬೇಕು? ಅಂಥವನು ಮನುಷ್ಯರ ನಡುವಿನ ದೇವರಂತೆ, ಸಮಾನರಿಗಾಗಿ ಮಾಡಿದ ಕಾನೂನು ಅವನಿಗೆ ಹೊಂದುವುದಿಲ್ಲ ಎನ್ನುತ್ತಾನೆ. ಆಮೇಲೆ ಊರುಗಳು ನಿಜವಾಗಿ ಏನು ಮಾಡುತ್ತವೆ ಎಂದು ಹೇಳಲು ಒಂದು ಪುರಾಣ ಕಥೆ ನೆನೆಯುತ್ತಾನೆ. ಆರ್ಗೋ ಎಂಬ ಹಡಗು ಹರ್ಕ್ಯುಲಿಸ್‌ನನ್ನು ಉಳಿದ ನಾವಿಕರ ಜೊತೆ ಒಯ್ಯಲು ಒಪ್ಪಲಿಲ್ಲ. ಅವನು ಅವರೆಲ್ಲರನ್ನೂ ಅಷ್ಟು ಮೀರಿಸಿದ್ದ. ಹಡಗು ಹರ್ಕ್ಯುಲಿಸ್‌ನ ಕೈಗೆ ಚುಕ್ಕಾಣಿ ಕೊಡಲಿಲ್ಲ, ಕೆಳಗಿಳಿಸಿ ಮುಂದೆ ಹೋಯಿತು. ಅರಿಸ್ಟಾಟಲ್‌ನ ಸ್ವಂತ ಅಭಿಪ್ರಾಯ ಬೇರೆ. ಗುಣದಲ್ಲಿ ಹಾಗೆ ಮೀರಿದವನಿದ್ದರೆ ಅವನಿಗೆ ಮನಸಾರೆ ತಲೆಬಾಗಿ ಶಾಶ್ವತ ರಾಜನನ್ನಾಗಿ ಮಾಡಿಕೊಳ್ಳಬೇಕು ಎಂದ. ಜನಪ್ರಿಯ ನಂಬಿಕೆ ಆರಿಸಿಕೊಂಡಿರುವುದು ಈ ಭಾಗವನ್ನು ಮಾತ್ರ. ಆದರೆ ಏಳನೆಯ ಪುಸ್ತಕಕ್ಕೆ ಬರುವಷ್ಟರಲ್ಲಿ ಅವನೇ, ಅಂಥವರು ಸಿಗುವುದು ಸುಲಭವಲ್ಲ, ಆದ್ದರಿಂದ ನಾಗರಿಕರು ಸರದಿಯ ಮೇಲೆ ಆಳುವುದೇ ಸರಿ ಎಂಬಲ್ಲಿಗೆ ಬಂದು ನಿಲ್ಲುತ್ತಾನೆ.

ಅಥೆನ್ಸಿನವರು ಇದಕ್ಕೆ ಒಂದು ಪದ್ಧತಿಯನ್ನೇ ಮಾಡಿಕೊಂಡಿದ್ದರು. ಒಡೆದ ಮಡಕೆಯ ಚೂರಿನ ಮೇಲೆ ಹೆಸರು ಗೀಚಿ ಹಾಕುವುದು. 6,000 ಚೂರು ಬಿದ್ದ ವರ್ಷ ಒಬ್ಬ ಹತ್ತು ವರ್ಷ ಊರು ಬಿಡಬೇಕು. ಅಪರಾಧ ಹೊರಿಸಬೇಕಾಗಿಲ್ಲ, ಆಸ್ತಿ ಕಸಿಯುವುದಿಲ್ಲ. ಅತಿಯಾಗಿ ಬೆಳೆದಿದ್ದೀಯ, ಸ್ವಲ್ಪ ಕಾಲ ದೂರ ಇರು ಎಂದಷ್ಟೇ ಅದರರ್ಥ. ಕ್ರಿ.ಪೂ. 480ರಲ್ಲಿ ಸಲಾಮಿಸ್ ಕಡಲ ಯುದ್ಧದಲ್ಲಿ ಪರ್ಷಿಯನ್ನರಿಂದ ಗ್ರೀಸನ್ನು ಉಳಿಸಿದ ಥೆಮಿಸ್ಟೊಕ್ಲಿಸ್‌ನನ್ನೂ ಹೀಗೆಯೇ ಕಳಿಸಿದರು. ಕೊನೆಗೆ ಅವನು ಸತ್ತದ್ದು ತಾನು ಸೋಲಿಸಿದ್ದ ಅದೇ ಪರ್ಷಿಯದ ದೊರೆಯ ಆಶ್ರಯದಲ್ಲಿ.

ಬುದ್ಧಿಬಲದ ಮಾತು ಬಿಡಿ, ತೋಳ್ಬಲ ಇದ್ದವರ ಗತಿ ಏನಾಯಿತು? ಪೌಸಾನಿಯಸ್ ಎಂಬ ಗ್ರೀಕ್ ಪ್ರವಾಸಿ ಬರಹಗಾರ ಥಾಸೋಸ್ ದ್ವೀಪದ ಥಿಯಾಜನಿಸ್‌ನ ಕಥೆ ಹೇಳುತ್ತಾನೆ. ಒಂಬತ್ತು ವರ್ಷದ ಹುಡುಗ, ಶಾಲೆಯಿಂದ ಮನೆಗೆ ಹೋಗುತ್ತ ಪೇಟೆಯಲ್ಲಿದ್ದ ದೇವರ ಕಂಚಿನ ವಿಗ್ರಹ ಇಷ್ಟವಾಯಿತೆಂದು ಹೆಗಲ ಮೇಲಿಟ್ಟುಕೊಂಡು ನಡೆದುಬಿಟ್ಟ. ಊರಿನವರು ರೊಚ್ಚಿಗೆದ್ದರು. ಹಿರಿಯನೊಬ್ಬ ಮಧ್ಯೆ ಬಂದು, ಕೊಲ್ಲಬೇಡಿ, ವಿಗ್ರಹವನ್ನು ಅವನ ಕೈಯಲ್ಲೇ ವಾಪಸು ಹೊರಿಸಿ ಎಂದ. ಹುಡುಗ ಹೊತ್ತು ತಂದಿಟ್ಟ, ಹೆಸರುವಾಸಿಯಾದ. ನಮ್ಮ ಸಿನಿಮಾದಲ್ಲಾದರೆ ಮುಂದಿನ ದೃಶ್ಯದಲ್ಲಿ ಆ ಹುಡುಗ ದಂಡು ಕಟ್ಟುತ್ತಾನೆ. ಥಾಸೋಸಿನಲ್ಲಿ ಆದದ್ದು ಬೇರೆ. ಅವನು ಕ್ರಿ.ಪೂ. 480ರಲ್ಲಿ ಮತ್ತು 476ರಲ್ಲಿ ಒಲಿಂಪಿಯಾದಲ್ಲಿ ಗೆದ್ದ. ಗ್ರೀಸಿನ ಉದ್ದಗಲಕ್ಕೂ ಗೆದ್ದ ಕಿರೀಟಗಳು 1,400 ಎಂದು ಪೌಸಾನಿಯಸ್‌ನ ಲೆಕ್ಕ. ಆ ಬಲವನ್ನು ಊರು ಕ್ರೀಡಾಂಗಣದ ಗೆರೆಯೊಳಗೆ ಇಟ್ಟು ಚಪ್ಪಾಳೆ ತಟ್ಟಿತು, ಅಷ್ಟೆ. ಅವನು ಸತ್ತ ಮೇಲಿನದು ಇನ್ನೂ ಸ್ವಾರಸ್ಯ. ಬದುಕಿದ್ದಾಗ ಅವನನ್ನು ಕಂಡರೆ ಆಗದವನೊಬ್ಬ ರಾತ್ರಿ ಹೊತ್ತು ಬಂದು ಅವನ ಪ್ರತಿಮೆಗೆ ಚಾಟಿಯಿಂದ ಬಾರಿಸುತ್ತಿದ್ದ. ಪ್ರತಿಮೆ ಅವನ ಮೇಲೆ ಬಿದ್ದು ಸತ್ತ. ಸತ್ತವನ ಮಕ್ಕಳು ಪ್ರತಿಮೆಯ ಮೇಲೆ ಕೊಲೆ ಮೊಕದ್ದಮೆ ಹೂಡಿದರು. ಊರು ವಿಚಾರಣೆ ನಡೆಸಿ ಪ್ರತಿಮೆಯನ್ನು ಸಮುದ್ರಕ್ಕೆ ಎಸೆಯಿತು. ಬರ ಬಂತು, ಡೆಲ್ಫಿಯ ದೈವವಾಣಿ ಕೇಳಿದರು, ಮೀನುಗಾರರ ಬಲೆಗೆ ಪ್ರತಿಮೆ ಸಿಕ್ಕಿತು, ಮತ್ತೆ ನಿಲ್ಲಿಸಿ ದೇವರೆಂದು ಬಲಿ ಕೊಟ್ಟರು. ಹಬ್ಬ, ನ್ಯಾಯಾಲಯ, ದೈವವಾಣಿ, ಗುಡಿ, ಎಲ್ಲ ಮೊದಲೇ ಇದ್ದವು. ಅತಿಮಾನುಷ ಒಂದರಿಂದ ಇನ್ನೊಂದಕ್ಕೆ ಸಾಗಿದ, ಯಾವುದನ್ನೂ ಹೊಸದಾಗಿ ಹುಟ್ಟಿಸಲಿಲ್ಲ.

ಡೆಲ್ಫಿಯ ಹೆಸರು ಬಂತು. ಅಲ್ಲಿ ಭವಿಷ್ಯ ನುಡಿಯುತ್ತಿದ್ದವಳು ಒಬ್ಬ ಹೆಂಗಸು, ಪಿಥಿಯಾ. ದೊರೆಗಳು ಯುದ್ಧಕ್ಕೆ ಹೊರಡುವ ಮೊದಲು ಅವಳ ಮಾತಿಗೆ ಕಾಯುತ್ತಿದ್ದರು. ಸೂಪರ್‌ಹೀರೋ ಕಥೆಗಾರನಿಗೆ ಸಿಕ್ಕಿದ್ದರೆ ಅವಳು ಗ್ರೀಸಿನ ಸಾಮ್ರಾಜ್ಞಿಯಾಗುತ್ತಿದ್ದಳು. ನಿಜದಲ್ಲಿ ಅವಳಿಗೆ ಮುಕ್ಕಾಲಿಯ ಮೇಲೊಂದು ಜಾಗ ಸಿಕ್ಕಿತು, ತಿಂಗಳಿಗೊಂದು ದಿನ ಸಿಕ್ಕಿತು. ಸುತ್ತಲಿನ ಪುರೋಹಿತರೆಲ್ಲ ಗಂಡಸರು.

ಇಷ್ಟು ಹೇಳಿದರೆ ಒಂದು ಆಕ್ಷೇಪ ಬಂದೇ ಬರುತ್ತದೆ. ಇವರೆಲ್ಲ ಊರಿನ ಒಪ್ಪಿಗೆಯೊಳಗೆ ಇದ್ದವರು. ಕಳೆದುಕೊಳ್ಳಲು ಏನೂ ಇಲ್ಲದವನ ಕೈಗೆ ಶಕ್ತಿ ಸಿಕ್ಕಿದ್ದರೆ? ಗುಲಾಮನೊಬ್ಬನ ಬಾಯಿಂದ ಬೆಂಕಿ ಬಂದಿದ್ದರೆ? ಬಂದಿತ್ತು. ಸಿಸಿಲಿ ದ್ವೀಪದ ನಟ್ಟನಡುವಿನ ಎನ್ನಾ ಪಟ್ಟಣದಲ್ಲಿ, ಕ್ರಿ.ಪೂ. ಎರಡನೆಯ ಶತಮಾನದಲ್ಲಿ.

ಅವನ ಹೆಸರು ಯೂನಸ್. ಸಿರಿಯಾದ ಅಪಾಮಿಯಾ ಊರಿನವನು, ಎನ್ನಾದ ಅಂಟಿಜನಿಸ್ ಎಂಬವನ ಗುಲಾಮ. ಇವನ ಕಥೆ ಡಿಯೊಡೋರಸ್‌ನ ಚರಿತ್ರೆಯ ಅಳಿದುಳಿದ ತುಣುಕುಗಳಲ್ಲಿದೆ. ಸಿರಿಯಾದ ದೇವಿ ತನ್ನ ಮೈಮೇಲೆ ಬರುತ್ತಾಳೆ, ನೀನು ರಾಜನಾಗುತ್ತೀ ಎಂದಿದ್ದಾಳೆ ಎಂದು ಹೇಳಿಕೊಂಡು ತಿರುಗುತ್ತಿದ್ದ. ಮಾತಾಡುವಾಗ ಬಾಯಿಂದ ಕಿಡಿ, ಜ್ವಾಲೆ ಹೊರಡುತ್ತಿತ್ತು. ಎರಡು ಕಡೆ ತೂತು ಕೊರೆದ ಪುಟ್ಟ ಕಾಯಿಯ ಚಿಪ್ಪಿನೊಳಗೆ ಕೆಂಡ ಇಟ್ಟು, ಬಾಯಲ್ಲಿ ಅಡಗಿಸಿಕೊಂಡು ಊದುತ್ತಿದ್ದ ಎಂದು ಡಿಯೊಡೋರಸ್ ಗುಟ್ಟು ಬಿಚ್ಚುತ್ತಾನೆ. ಯಜಮಾನ ಏನು ಮಾಡಿದ? ಹೆದರಲಿಲ್ಲ, ಕೊಲ್ಲಲೂ ಇಲ್ಲ. ಊಟಕ್ಕೆ ಬಂದ ಅತಿಥಿಗಳೆದುರು ನಿಲ್ಲಿಸಿ ತಮಾಷೆ ಮಾಡಿಸಿದ. ರಾಜನಾದ ಮೇಲೆ ನಮ್ಮನ್ನು ಹೇಗೆ ನೋಡಿಕೊಳ್ಳುತ್ತೀಯಪ್ಪಾ ಎಂದು ಅತಿಥಿಗಳು ನಗುತ್ತ ಕೇಳುವುದು, ಇವನು ಗಂಭೀರವಾಗಿ ಉತ್ತರ ಕೊಡುವುದು, ಅವರು ತಟ್ಟೆಯ ಮಾಂಸದ ತುಂಡೊಂದನ್ನು ಇವನ ಕೈಗಿಟ್ಟು, ನೆನಪಿರಲಿ ಮಹಾರಾಜ ಎನ್ನುವುದು. ಬೆಂಕಿ ಉಗುಳುವ ಮನುಷ್ಯನಿಗೆ ಆ ಸಮಾಜ ಮೊದಲು ಕೊಟ್ಟ ಕೆಲಸ ಇದು.

ದಂಗೆ ಹೊತ್ತಿದ್ದು ಅವನ ಬೆಂಕಿಯಿಂದಲ್ಲ. ಅದೇ ಊರಿನಲ್ಲಿ ಡಾಮೊಫಿಲಸ್ ಎಂಬ ಸಿರಿವಂತ ಜಮೀನುದಾರ, ಅವನ ಹೆಂಡತಿ ಮೆಗಾಲಿಸ್, ಇಬ್ಬರೂ ಕ್ರೌರ್ಯಕ್ಕೆ ಹೆಸರಾದವರು. ಅವನ ಗುಲಾಮರು ಮೈಮೇಲೆ ಬಟ್ಟೆಯಿಲ್ಲ ಎಂದು ಕೇಳಲು ಹೋದರೆ, ದಾರಿಹೋಕರೇನು ಬೆತ್ತಲೆ ತಿರುಗುತ್ತಾರೆಯೇ, ಅವರಿಂದ ಕಿತ್ತುಕೊಳ್ಳಿ ಎಂಬರ್ಥದ ಮಾತಾಡಿ, ಕಂಬಕ್ಕೆ ಕಟ್ಟಿ ಹೊಡೆಸಿ ಕಳಿಸಿದ. ಸಿಸಿಲಿಯ ದೊಡ್ಡ ದೊಡ್ಡ ಹಿಡುವಳಿಗಳಲ್ಲಿ ಸಾವಿರಾರು ಗುಲಾಮರ ಸ್ಥಿತಿ ಹೀಗೇ ಇತ್ತು. ರೋಮಿಗೆ ಗೋಧಿ ಹೋಗುತ್ತಿದ್ದದ್ದು ಅಲ್ಲಿಂದ. ಕೊಲ್ಲುವುದೆಂದು ಗಟ್ಟಿಮಾಡಿಕೊಂಡ ಮೇಲೆ ಆ ಗುಲಾಮರು ಯೂನಸ್‌ನ ಬಳಿ ಬಂದು ದೇವರು ಏನನ್ನುತ್ತಾರೆ ಎಂದು ಕೇಳಿದರು. ಅವನು ಹೂಂ ಎಂದ. ಸುಮಾರು 400 ಮಂದಿ ಆ ರಾತ್ರಿ ಎನ್ನಾಕ್ಕೆ ನುಗ್ಗಿದರು. ಕ್ರಿ.ಪೂ. 135ರ ಹೊತ್ತಿಗೆ ಶುರುವಾದದ್ದು ಮೂರು ವರ್ಷ ನಡೆಯಿತು, ರೋಮಿನ ಸೈನ್ಯಗಳು ಸೋತು ಓಡಿದವು.

ಆಮೇಲೆ ಯೂನಸ್ ಮಾಡಿದ್ದೇನು ಎಂಬುದನ್ನು ಗಮನವಿಟ್ಟು ನೋಡಬೇಕು. ರಾಜನಾದ. ಸಿರಿಯಾದ ದೊರೆಗಳ ಹೆಸರನ್ನೇ ಎತ್ತಿಕೊಂಡು ಅಂಟಿಯೋಕಸ್ ಎಂದು ಕರೆದುಕೊಂಡ. ತಲೆಗೆ ರಾಜಪಟ್ಟಿ ಕಟ್ಟಿದ, ಜೊತೆಗಿದ್ದವಳನ್ನು ರಾಣಿ ಮಾಡಿದ, ಸಲಹಾ ಸಭೆ ನೇಮಿಸಿದ. ಅಂಟಿಯೋಕಸ್ ದೊರೆಯ ಹೆಸರಿನ ಪುಟ್ಟ ಕಂಚಿನ ನಾಣ್ಯ ಸಿಸಿಲಿಯಲ್ಲಿ ಸಿಕ್ಕಿದೆ, ಅದರ ಮೇಲೆ ಗೋಧಿಯ ತೆನೆಯ ಚಿತ್ರ. ಸೆರೆಸಿಕ್ಕವರಲ್ಲಿ ಆಯುಧ ಮಾಡಬಲ್ಲವರನ್ನು ಉಳಿಸಿ, ಬೇಡಿ ಹಾಕಿ ಕೆಲಸಕ್ಕೆ ಹಚ್ಚಿದ. ಅಂದರೆ ಗುಲಾಮರ ರಾಜ್ಯದಲ್ಲೂ ಬೇಡಿ ತೊಟ್ಟು ದುಡಿಯುವವರು ಇದ್ದರು. ಊಟದ ಮನೆಯಲ್ಲಿ ಮಾಂಸದ ತುಂಡು ಕೊಟ್ಟವರನ್ನು ನೆನಪಿಟ್ಟು ಪ್ರಾಣ ಉಳಿಸಿದ ಎಂಬುದೂ ದಾಖಲಾಗಿದೆ. ಅಷ್ಟರಮಟ್ಟಿಗೆ ಒಳ್ಳೆಯ ಮನುಷ್ಯನೇ. ಆದರೆ ಬಾಯಲ್ಲಿ ಬೆಂಕಿ, ಹಿಂದೆ ಸಾವಿರಾರು ಜನ, ಮೈಮೇಲೆ ದೇವಿ ಇದ್ದವನಿಗೂ ಹೊಳೆದದ್ದು ತನ್ನ ಊರಿನಲ್ಲಿ ಕಂಡಿದ್ದ ಅದೇ ರಾಜತ್ವ.

ಚಿಪ್ಪಿನೊಳಗಿನ ಕೆಂಡ ಕಣ್ಕಟ್ಟು, ನಿಜವಾದ ಬೆಂಕಿ ಆಗಿದ್ದರೆ ಕಥೆ ಬೇರೆ ಎನ್ನುವವರಿದ್ದಾರೆ. ಹಿಂಬಾಲಿಸಿದವರ ಪಾಲಿಗೆ ಅದು ನಿಜವೇ ಆಗಿತ್ತು. ಕ್ಲಿಯೋನ್ ಎಂಬ ಇನ್ನೊಬ್ಬ ದಂಗೆಕೋರ ಬೇರೆಡೆ ತನ್ನದೇ ದಂಡು ಕಟ್ಟಿದ್ದ. ಇಬ್ಬರೂ ಕಚ್ಚಾಡಿ ಸಾಯುತ್ತಾರೆ ಎಂದು ಭೂಮಾಲೀಕರು ಕಾದರೆ, ಅವನು ಬಂದು ಯೂನಸ್‌ನ ಕೈಕೆಳಗೆ ಸೇನಾಪತಿಯಾದ. ಚೆದುರಿದವರನ್ನು ಒಂದು ಹೆಸರಿನಡಿ ಸೇರಿಸುವ ಕೆಲಸ ಅಲೌಕಿಕ ಶಕ್ತಿಯ ನಂಬಿಕೆಯಿಂದ ಆಗುತ್ತದೆ, ಒಪ್ಪುತ್ತೇನೆ. ಆದರೆ ಕ್ರಿ.ಪೂ. 132ರಲ್ಲಿ ರೋಮಿನ ಕಾನ್ಸಲ್ ರುಪಿಲಿಯಸ್ ಬಂದು ಟಾರೊಮಿನಿಯಂ ಪಟ್ಟಣವನ್ನು ಸುತ್ತುಗಟ್ಟಿ ಕೂತ. ಒಳಗೆ ಕಾಳು ಮುಗಿಯಿತು. ಒಬ್ಬರನ್ನೊಬ್ಬರು ತಿನ್ನುವ ಸ್ಥಿತಿ ಬಂತು, ಕೊನೆಗೆ ಒಳಗಿನವನೊಬ್ಬ ಕೋಟೆ ಬಿಟ್ಟುಕೊಟ್ಟ. ಎನ್ನಾದ ಗತಿಯೂ ಅದೇ. ನಿಜವಾದ ಬೆಂಕಿಯಿಂದ ಗೋಧಿ ಬೆಳೆಯುವುದಿಲ್ಲವಲ್ಲ. ಗುಹೆಯಲ್ಲಿ ಯೂನಸ್ ಸಿಕ್ಕಿಬಿದ್ದಾಗ ಜೊತೆಗಿದ್ದವರು ನಾಲ್ವರು: ಅಡುಗೆಯವನು, ರೊಟ್ಟಿ ಸುಡುವವನು, ಸ್ನಾನದಲ್ಲಿ ಮೈ ತಿಕ್ಕುವವನು, ಕುಡಿತದ ಕೂಟದಲ್ಲಿ ನಗಿಸುವವನು.

ಇನ್ನು ಕಟ್ಟೋಣದ ಮಾತು. ಈಜಿಪ್ಟಿನ ಪಿರಮಿಡ್ಡನ್ನು ಮನುಷ್ಯರು ಕಟ್ಟಲು ಸಾಧ್ಯವೇ ಇಲ್ಲ ಎಂಬ ಹಳೆಯ ರಾಗ ನಮ್ಮ ವಾಟ್ಸಾಪಿನಲ್ಲೂ ಕೇಳುತ್ತದೆ. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್ ಜರ್ಫ್‌ನಲ್ಲಿ ಪಿಯರ್ ಟಾಲೆ ಎಂಬ ಫ್ರೆಂಚ್ ಪುರಾತತ್ವಜ್ಞರ ತಂಡಕ್ಕೆ ಪಪೈರಸ್ ಹಾಳೆಗಳು ಸಿಕ್ಕವು. ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಅದು. ಸುಮಾರು 40 ಆಳುಗಳ ತಂಡ, ತುರಾ ಗಣಿಯಿಂದ ಗಿಜಾಕ್ಕೆ ದೋಣಿಯಲ್ಲಿ ಸುಣ್ಣಕಲ್ಲು ಸಾಗಣೆ, ಎಂದು ಹೊರಟರು, ರಾತ್ರಿ ಎಲ್ಲಿ ತಂಗಿದರು ಎಂಬ ಒಣ ಲೆಕ್ಕ. ಇಂಥ ತಂಡಗಳು ಸೇರಿ ಅಲ್ಲಿನ ಮಹಾ ಪಿರಮಿಡ್ಡಿಗೆ ಸುಮಾರು 23 ಲಕ್ಷ ಕಲ್ಲು ಪೇರಿಸಿದವು. ಈಗ ಮೆರೆರ್‌ನ ಜಾಗದಲ್ಲಿ ಒಬ್ಬ ಸೂಪರ್‌ಮ್ಯಾನ್‌ನನ್ನು ಇಡಿ. ಕಲ್ಲುಗಳನ್ನು ಒಂದು ವಾರದಲ್ಲಿ ಪೇರಿಸಿಬಿಟ್ಟ ಎನ್ನೋಣ. ಪಿರಮಿಡ್ ಸಿಕ್ಕಿತು. ಆದರೆ ಆಳುಗಳ ರೊಟ್ಟಿ, ಬಿಯರಿಗೆಂದು ಊರೂರಿನಿಂದ ಧಾನ್ಯ ಎತ್ತುವುದು, ಅದನ್ನು ಬರೆದಿಡುವ ಗುಮಾಸ್ತರು, ಕಾಲುವೆ, ಬಂದರು, ದೂರದ ಹಳ್ಳಿಯವನನ್ನೂ ದೊರೆಯ ಕೆಲಸಕ್ಕೆ ಕರೆತರುವ ಏರ್ಪಾಟು, ಇವು ಯಾವುವೂ ಬೆಳೆಯುವುದಿಲ್ಲ. ಪಿರಮಿಡ್ ಕಟ್ಟುತ್ತ ಕಟ್ಟುತ್ತಲೇ ಈಜಿಪ್ಟ್ ರಾಜ್ಯ ಗಟ್ಟಿಯಾಯಿತು. ಅತಿಮಾನುಷ ಕೊಡುವ ಪಿರಮಿಡ್ ಮರುಭೂಮಿಯ ನಡುವಿನ ಒಂದು ಕಲ್ಲಿನ ರಾಶಿ. ಕೆಲಸ ಬೇಗ ಮುಗಿಸಿಕೊಟ್ಟರೆ ಸಮಾಜ ಮುಂದೆ ಹೋಗುತ್ತದೆ ಎನ್ನುವವರು ಇದನ್ನು ಯೋಚಿಸಿಯೇ ಇಲ್ಲ.

ನಮ್ಮ ಕಡೆಯ ಸಾಕ್ಷ್ಯವೂ ಬೇಕಲ್ಲವೇ? ಕೌಟಿಲ್ಯನ ಅರ್ಥಶಾಸ್ತ್ರದ ತಾಳೆಗರಿ 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಗೆ ಬಂತು. ಆರ್. ಶಾಮಾಶಾಸ್ತ್ರಿಗಳು ಅದನ್ನು ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದರು. ಅದರ ಹದಿಮೂರನೆಯ ಅಧಿಕರಣದಲ್ಲಿ ಶತ್ರುವಿನ ಕೋಟೆ ಹಿಡಿಯುವ ಉಪಾಯ ಹೇಳುವಾಗ ರಾಜನಿಗೆ ಅಲೌಕಿಕ ಶಕ್ತಿ ಇದೆ ಎಂದು ಜನರನ್ನು ನಂಬಿಸುವ ಕ್ರಮ ವಿವರವಾಗಿ ಬರುತ್ತದೆ. ಸುರಂಗದಿಂದ ಗುಡಿಯೊಳಕ್ಕೆ ಬಂದ ಗೂಢಚಾರರು ದೇವರಂತೆ ಮಾತಾಡಬೇಕು, ರಾಜ ಅವರೊಡನೆ ಸಂಭಾಷಿಸಬೇಕು. ನೀರಿನಿಂದ ನಾಗದೇವತೆಯ ವೇಷದವರು ಎದ್ದು ಬರಬೇಕು. ಜೋಯಿಸರು, ಪುರಾಣ ಹೇಳುವವರು ಅದನ್ನು ಊರೂರಿಗೆ ಸಾರಬೇಕು. ಯಾವ ಸಂಕೋಚವೂ ಇಲ್ಲದೆ, ಖರ್ಚಿನ ಪಟ್ಟಿ ಬರೆದಷ್ಟು ಸಹಜವಾಗಿ ಇದೆಲ್ಲ ಬರೆದಿದೆ. ದೈವಶಕ್ತಿ ಎಂಬುದು ರಾಜ್ಯಕ್ಕೆ ಬೇಕಾದ ಸಾಮಾನುಗಳಲ್ಲಿ ಒಂದು. ಅಸಲಿ ಸಿಕ್ಕದಿದ್ದರೆ ತಯಾರಿಸಿಕೊಳ್ಳಬಹುದು. ಅಸಲಿಯೇ ಸಿಕ್ಕಿದ್ದರೂ ಇದೇ ಗೂಢಚಾರರು, ಇದೇ ಜೋಯಿಸರು ಅದನ್ನು ವಿಚಾರಿಸಿಕೊಳ್ಳುತ್ತಿದ್ದರು.

ಕನ್ನಡದ ಆಸ್ಥಾನಗಳೂ ಇದನ್ನು ಬಲ್ಲವು, ಇನ್ನಷ್ಟು ನಾಜೂಕಾಗಿ. ಕ್ರಿ.ಶ. 941ರಲ್ಲಿ ಪಂಪ ಅರ್ಜುನನನ್ನು ಅರಿಕೇಸರಿಯೊಳಗೆ ಇಳಿಸಿದ. ಅರಿಕೇಸರಿ ರಾಷ್ಟ್ರಕೂಟರ ಸಾಮಂತ. ಆಮೇಲೆ ರನ್ನ ಭೀಮನ ಗದೆಯನ್ನು ಚಾಲುಕ್ಯ ಸತ್ಯಾಶ್ರಯನ ಕೈಗೆ ಕೊಟ್ಟ. ಪುರಾಣದ ಬಲಶಾಲಿ ಬಂದದ್ದು ಇದ್ದ ದೊರೆಯ ಮೆರುಗಿಗೆ, ಅವನನ್ನು ಇಳಿಸುವುದಕ್ಕಲ್ಲ. ಕಥೆಗಳಲ್ಲೂ ನೋಡಿ: ಭೀಮ ಅಣ್ಣನ ಮಾತು ಮೀರುವಂತಿಲ್ಲ. ಭೀಷ್ಮ ಪ್ರತಿಜ್ಞೆಯಲ್ಲಿ ಸಿಕ್ಕಿಕೊಂಡವನು, ಕರ್ಣ ಉಪ್ಪಿನ ಋಣದಲ್ಲಿ. ಹನುಮಂತ ಬಂಟ, ಹರ್ಕ್ಯುಲಿಸ್ ತನಗಿಂತ ಕೈಲಾಗದ ದೊರೆಗೆ ಹನ್ನೆರಡು ಚಾಕರಿ ಮಾಡಿದವನು. ಗೆದ್ದೂ ರಾಜ್ಯ ಬೇಡವೆಂದು ನಿಂತ ಬಾಹುಬಲಿ ಶ್ರವಣಬೆಳಗೊಳದಲ್ಲಿ ಇನ್ನೂ ನಿಂತೇ ಇದ್ದಾನೆ. ಅತಿಬಲ ಇದ್ದವನು ತಾನೇ ಸಿಂಹಾಸನ ಏರಿ ಕೂತರೆ ಅವನನ್ನು ಈ ಕಥೆಗಳು ಸಾಮಾನ್ಯವಾಗಿ ರಾವಣ, ಹಿರಣ್ಯಕಶಿಪುಗಳ ಸಾಲಿಗೆ ಸೇರಿಸುತ್ತವೆ.

ನನ್ನ ವಾದಕ್ಕೆ ನಿಜವಾಗಿ ಪೆಟ್ಟು ಕೊಡಬಲ್ಲವನು ಯೋಧನಲ್ಲ, ರೋಗ ವಾಸಿ ಮಾಡುವವನು. ಕ್ರಿ.ಶ. 165ರ ಸುಮಾರಿಗೆ ರೋಮ್ ಸಾಮ್ರಾಜ್ಯಕ್ಕೆ ಮಹಾಮಾರಿ ಹೊಕ್ಕಾಗ ಮುಟ್ಟಿದರೆ ಸಾಕು ಗುಣಪಡಿಸುವ ಒಬ್ಬನಿದ್ದಿದ್ದರೆ? ಲೆಕ್ಕ ಹಾಕೋಣ. ದಿನಕ್ಕೆ 100 ಜನರನ್ನು, ಒಂದು ದಿನವೂ ಬಿಡದೆ ಮುಟ್ಟಿದರೆ ವರ್ಷಕ್ಕೆ 36,500. ಸಾಮ್ರಾಜ್ಯದ ಜನಸಂಖ್ಯೆಯ ಅಂದಾಜು ಆರು ಕೋಟಿಗೂ ಮೇಲೆ. ಸಾವಿರಕ್ಕೆ ಒಬ್ಬನೂ ದಕ್ಕುವುದಿಲ್ಲ. ಅದೂ ಅವನು ಚಕ್ರವರ್ತಿಯ ಅರಮನೆಯ ಹೊರಗೆ ಇರಲು ಬಿಟ್ಟರೆ. ಶಕ್ತಿ ಒಬ್ಬನಲ್ಲಿ ನಿಲ್ಲದೆ ಮಕ್ಕಳು ಮೊಮ್ಮಕ್ಕಳಿಗೆ ಹರಿದರೆ ಮಾತ್ರ ವಿಷಯ ಬೇರೆಯಾಗುತ್ತದೆ. ಆಗ ಒಂದು ಹೊಸ ಮೇಲ್ಜಾತಿ ಹುಟ್ಟುತ್ತದೆ, ಸಾಮಾನ್ಯರು ಅದರ ಕಾಲಾಳಾಗುತ್ತಾರೆ. ಹುಟ್ಟಿನಿಂದಲೇ ಮೇಲು ಎನ್ನುವವರನ್ನು ಸೃಷ್ಟಿಸಲು ಪ್ರಾಚೀನ ಸಮಾಜಗಳಿಗೆ ಯಾವ ಅತಿಮಾನುಷ ಶಕ್ತಿಯೂ ಬೇಕಾಗಲಿಲ್ಲ ಎಂಬುದನ್ನು ನಮ್ಮ ದೇಶದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಈ ವಸ್ತುವಿನ ಮೇಲೆ ಕನ್ನಡದಲ್ಲಿ ಕಾದಂಬರಿ, ಸಿನಿಮಾ ಬರಬೇಕು ಎಂದು ಬಯಸುವವರಲ್ಲಿ ನಾನೂ ಒಬ್ಬ. ಬರೆಯಲು ಕೂತವರಲ್ಲಿ ಒಂದೇ ಕೋರಿಕೆ. ನಿಮ್ಮ ನಾಯಕ ಹಾರಲಿ, ಗೋಡೆ ಒಡೆಯಲಿ, ಅದು ನಿಮ್ಮಿಷ್ಟ. ಆದರೆ ಅವನ ಯಜಮಾನ ಯಾರು, ಅವನು ಉಣ್ಣುವ ಕಾಳು ಯಾರ ಹೊಲದ್ದು, ಅವನ ಹೆಸರಿನಲ್ಲಿ ಕಾಣಿಕೆ ಎತ್ತುವವರು ಯಾರು ಎಂಬುದನ್ನು ಮೊದಲ ಅಧ್ಯಾಯದಲ್ಲೇ ಬರೆದುಬಿಡಿ.